ದೊಡ್ಡ ಹಿಡಿ

ಫೆಬ್ರವರಿ 9

ಮಗಳಿಗೆ,

ಸಂಜೆ ಆರೂವರೆ. ಇವತ್ತು ಒಂದು ಲೆನ್ಸಿನ ಬೂಷ್ಟು ತೆಗೆದೆ, ಒಂದು ಫ್ಲ್ಯಾಶಿಗೆ ತಂತಿ ಬೆಸೆದೆ, ಯಾರೋ ಟೀ ಚೆಲ್ಲಿಕೊಂಡು ತಂದ ಕ್ಯಾಮೆರಾದ ಗುಂಡಿಗಳನ್ನು ತೊಳೆದು ಒಣಗಲು ಇಟ್ಟೆ. ಊಟದ ಹೊತ್ತಿಗೆ ನಿನ್ನ ಪಾರ್ಸೆಲ್ಲು ಬಂತು. ಊಟ ಮಾಡಿ, ಕೈ ತೊಳೆದು ಒರೆಸಿಕೊಂಡು, ಆಮೇಲೆ ಬಿಚ್ಚಿದೆ.

ಕ್ಯಾಮೆರಾದ ಡಬ್ಬಿ ಮತ್ತು ಲೆನ್ಸು ಬಂದಿವೆ. ಬಟ್ಟೆ ಸುತ್ತಿ ಚೆನ್ನಾಗಿ ಕಟ್ಟಿದ್ದೀಯ. ಆ ನೀಲಿ ಬಟ್ಟೆ ನನ್ನ ಮಗನ ಅಂಗಿಯದು ಅಂತ ಆಮೇಲೆ ಗೊತ್ತಾಯಿತು. ಮಡಚಿ ಇಟ್ಟಿದ್ದೇನೆ. ವಾಪಸ್ಸು ಕಳಿಸಬೇಕೋ ಬೇಡವೋ ಹೇಳು.

ಲೆನ್ಸಿಗೆ ಏನೂ ಆಗಿಲ್ಲ. ಡಬ್ಬಿಯ ಎಡಮೂಲೆ ಒಳಕ್ಕೆ ಹೋಗಿದೆ. ಅವನು ಏಣಿಯಿಂದ ಬಿದ್ದಾಗ ಇದು ಆ ಮೂಲೆ ಊರಿ ಬಿದ್ದಿರಬೇಕು. ಮೂಲೆಯನ್ನು ಎತ್ತಬಹುದು. ಅದು ಬರೀ ತಗಡು.

ಫೋನಿನಲ್ಲಿ ನಾವಿಬ್ಬರೂ ‘ಮತ್ತೆ’, ‘ಮತ್ತೆ’ ಅಂದುಕೊಂಡೇ ಹೊತ್ತು ಕಳೆಯುತ್ತೇವೆ. ಇಟ್ಟ ಮೇಲೆ ಏನು ಮಾತಾಡಿದೆವು ಅಂತ ನೆನಪಿರುವುದಿಲ್ಲ. ಪಾರ್ಸೆಲ್ಲಿನ ಜೊತೆ ಎರಡು ಸಾಲು ಬರೆದು ಹಾಕೋಣ. ನನ್ನ ಓದು ಕಡಿಮೆ, ತಪ್ಪಿದ್ದರೆ ಸರಿ ಮಾಡಿಕೊಂಡು ಓದು.

ಕಂಪನಿಯವರು ಈ ಕ್ಯಾಮೆರಾ ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಆದರೂ ಅವನಿಗೆ ಇದನ್ನೇ ಕೊಡಿಸಿದೆ. ಬಿಚ್ಚಿದರೆ ಐದು, ಜೋಡಿಸಿದರೆ ಒಂದು. ನಡುವೆ ಡಬ್ಬಿ. ಮುಂದೆ ಲೆನ್ಸು. ಮೇಲೆ ಕಣ್ಣಿಟ್ಟು ನೋಡುವ ಕಿಂಡಿ. ಹಿಂದುಗಡೆ ಬೆನ್ನು, ಚಿತ್ರ ಬೀಳುವುದು ಅದರ ಮೇಲೆ. ಬಲಗಡೆ ಹಿಡಿ, ಬ್ಯಾಟರಿ ಅದರೊಳಗೆ, ಫೋಟೋ ತೆಗೆಯುವ ಗುಂಡಿಯೂ ಅದರ ಮೇಲೆ. ಒಂದು ಕೆಟ್ಟರೆ ಅದೊಂದನ್ನು ಬದಲಾಯಿಸಿದರೆ ಸಾಕು, ಉಳಿದ ನಾಲ್ಕಕ್ಕೆ ಗೊತ್ತೇ ಆಗುವುದಿಲ್ಲ. ಡಬ್ಬಿ, ಕಿಂಡಿ, ಬೆನ್ನು ಅಂತೆಲ್ಲ ಹೆಸರಿಟ್ಟವನು ಅವನೇ, ಶಾಲೆ ಬಿಟ್ಟು ಬಂದು ನನ್ನ ಮೇಜಿನ ಕೆಳಗೆ ಕೂತಿರುತ್ತಿದ್ದ ಕಾಲದಲ್ಲಿ. ವರ್ಕ್‌ಶಾಪಿನಲ್ಲಿ ಈಗ ಎಲ್ಲರೂ ಹಾಗೇ ಅನ್ನುತ್ತಾರೆ.

ಇಡೀ ಕ್ಯಾಮೆರಾವನ್ನು ಒಂದೇ ಪೆಟ್ಟಿಗೆಯಲ್ಲಿ ಕಳಿಸಬಾರದು, ಪೆಟ್ಟಿಗೆ ಕಳೆದರೆ ಒಂದೆರಡು ಭಾಗ ಹೋಗಲಿ, ಕ್ಯಾಮೆರಾ ಹೋಗಬಾರದು ಅಂತ ಅವನಿಗೆ ಹೇಳಿಕೊಟ್ಟಿದ್ದೆ. ಅವನು ನಿನಗೂ ಹೇಳಿಕೊಟ್ಟಿದ್ದಾನೆ ಅಂತ ಇವತ್ತು ತಿಳಿಯಿತು.

ಉಳಿದ ಮೂರನ್ನು ಯಾವಾಗ ಕಳಿಸುತ್ತೀಯ? ಚೀಟಿಯಲ್ಲಿ ಜೂನ್‌ನೊಳಗೆ ಬೇಕು ಅಂತ ಬರೆದಿದ್ದೀಯ. ಯಾಕೆ ಅಂತ ಬರೆದಿಲ್ಲ.

ನಾಳೆ ಮೂಲೆ ಎತ್ತುತ್ತೇನೆ.

ನಿನ್ನ ಅತ್ತೆ

*

ಫೆಬ್ರವರಿ 21

ಅತ್ತೆಯವರಿಗೆ ನಮಸ್ಕಾರ.

ಬಟ್ಟೆ ನಿಮ್ಮ ಹತ್ತಿರವೇ ಇರಲಿ. ಕೈಗೆ ಸಿಕ್ಕಿದ್ದನ್ನು ಸುತ್ತಿದೆ, ನೋಡಿ ಸುತ್ತಿದ್ದಲ್ಲ.

ಜೂನ್ ಯಾಕೆ ಅಂತ ಕೇಳಿದ್ದೀರಿ. ಹೋದ ತಿಂಗಳು, ಅವರು ಬಿದ್ದ ಶಾಲೆಯ ಹೆಡ್ ಟೀಚರ್ ಮನೆಗೆ ಬಂದಿದ್ದರು. ಟೀ ಮಾಡಿಕೊಟ್ಟೆ. ಅರ್ಧ ಕಪ್ಪು ಕುಡಿದರು. ಆಮೇಲೆ ಅಂದರು: “ನೋಡಮ್ಮ, ಅವತ್ತು ನಿಮ್ಮವರು ತೆಗೆದ ಫೋಟೋ ಇದೆ. ಚೆನ್ನಾಗೇ ಬಂದಿದೆ. ಆದ್ರೆ ಅದನ್ನ ಗೋಡೆಗೆ ಹಾಕೋಕೆ ನಮಗ್ಯಾರಿಗೂ ಮನಸ್ಸಾಗ್ತಿಲ್ಲ. ಮಕ್ಕಳೂ ಬೇಡ ಅಂತಿದಾರೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅದೇ ಕ್ಲಾಸಿಂದು ಇನ್ನೊಂದು ತೆಗೀಬೇಕು. ನೀವು ತೆಗೀತೀರಾ?”

ನಾನು ಯಾವತ್ತೂ ತೆಗೆದವಳಲ್ಲ, ಸಾಲು ನಿಲ್ಲಿಸುತ್ತಿದ್ದೆ ಅಷ್ಟೆ ಅಂದೆ.

“ಸಾಲು ನಿಲ್ಲಿಸೋದೇ ಕಷ್ಟ. ಗುಂಡಿ ಒತ್ತೋದೇನು, ಯಾರಾದ್ರೂ ಒತ್ತುತಾರೆ,” ಅಂದರು. ಆಮೇಲೆ ತಾವು ಅಂದದ್ದು ತಮಗೇ ಕೇಳಿಸಿದ ಹಾಗೆ ಕಪ್ಪು ಕೆಳಗಿಟ್ಟರು. ಬಸ್ ನಿಲ್ದಾಣದ ಹತ್ತಿರದ ಸ್ಟುಡಿಯೋದವನು ದಿನಾ ಬಂದು ಕೇಳುತ್ತಿದ್ದಾನಂತೆ, ಜೂನ್ ಮೂರನೇ ವಾರದವರೆಗೆ ತಡೆಯುತ್ತಾರಂತೆ. ಈ ಶಾಲೆ ಕೈಬಿಟ್ಟರೆ ಉಳಿದ ಶಾಲೆಗಳೂ ಅವನ ಹತ್ತಿರವೇ ಹೋಗುತ್ತವೆ. ಆಗ ನಾನು ಬೇರೆ ಏನಾದರೂ ಕೆಲಸ ಹುಡುಕಬೇಕು. ನನಗೆ ಬೇರೆ ಏನು ಬರುತ್ತದೆ ಅಂತ ಕೂತು ಯೋಚಿಸಿದೆ. ಏನೂ ಹೊಳೆಯಲಿಲ್ಲ.

ಇದರ ಜೊತೆ ಕಿಂಡಿ ಮತ್ತು ಬೆನ್ನು ಕಳಿಸುತ್ತಿದ್ದೇನೆ. ಕಿಂಡಿ ಬೇರೆಯಾಗಿ ಗಿಡಗಳ ಮಧ್ಯೆ ಬಿದ್ದಿತ್ತಂತೆ, ಡ್ರಿಲ್ ಮೇಷ್ಟ್ರು ಸಂಜೆಯವರೆಗೆ ಹುಡುಕಿ ಚೀಲಕ್ಕೆ ಹಾಕಿ ತಂದುಕೊಟ್ಟರು.

ಬೆನ್ನಿನ ಬಗ್ಗೆ ಒಂದು ವಿಷಯ. ಅದರಲ್ಲಿ ಒಂದು ಚುಕ್ಕೆ ಇದೆ. ಬಿಳಿ ಚುಕ್ಕೆ, ಮೇಲೆ ಎಡಗಡೆ. ಯಾವ ಫೋಟೋ ತೆಗೆದರೂ ಅದೇ ಜಾಗದಲ್ಲಿ ಬೀಳುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಅಳಿಸುವುದು ನನ್ನ ಕೆಲಸವಾಗಿತ್ತು. ಒಂದು ಶಾಲೆ ಮುಗಿಸಿ ಬಂದರೆ ಎರಡು ದಿನ ಅದೇ. ಒಮ್ಮೊಮ್ಮೆ ಗೋಡೆಯ ಮೇಲೆ, ಒಮ್ಮೊಮ್ಮೆ ಹಿಂದಿನ ಸಾಲಿನ ಉದ್ದ ಹುಡುಗನ ಹಣೆಯ ಮೇಲೆ. “ನಿಮ್ಮಮ್ಮನಿಗೆ ಕೊಟ್ಟು ಬದಲಾಯಿಸಿಕೊಂಡು ಬನ್ನಿ” ಅಂತ ಬೈಯುತ್ತಿದ್ದೆ. “ಅಮ್ಮನ ಕೈಗೆ ಸಿಕ್ಕಿದರೆ ಇಡೀ ಕ್ಯಾಮೆರಾ ಬದಲಾಯಿಸಿಬಿಡ್ತಾಳೆ, ಕೊನೆಗೆ ನನ್ನನ್ನೂ” ಅನ್ನುತ್ತಿದ್ದರು.

ಅವತ್ತಿನ ಫೋಟೋದಲ್ಲಿ ಚುಕ್ಕೆ ಹಾಗೇ ಇದೆ. ಕಿಟಕಿಯ ಮೇಲೆ ಬಿದ್ದಿದೆ.

ಹಿಡಿಯನ್ನು ಆಮೇಲೆ ಕಳಿಸುತ್ತೇನೆ. ನಿಮ್ಮ ಮೊಮ್ಮಗಳು ಪಿಳಿಪಿಳಿಗೆ ಸ್ವಲ್ಪ ಶೀತವಾಗಿದೆ, ಉಳಿದಂತೆ ಚೆನ್ನಾಗಿದ್ದಾಳೆ.

ನಿಮ್ಮ ಸೊಸೆ

*

ಮಾರ್ಚ್ 3

ಮಗಳಿಗೆ,

ಸಂಜೆ ಏಳು. ಇವತ್ತು ಬೆನ್ನು ಬಿಚ್ಚಿದೆ. ಬೇರೆ ಕೆಲಸ ಮುಟ್ಟಲಿಲ್ಲ.

ಮೇಲಿನ ಗಾಜು ಸೀಳಿದೆ. ಗಾಜು ಒಂದೇ ಆಗಿದ್ದರೆ ಬದಲಾಯಿಸಬಹುದಿತ್ತು. ಒಳಗೆ ಚಿತ್ರ ಬೀಳುವ ಹಾಳೆಯೂ ಸೀಳಿದೆ. ಮೇಜಿನ ಕರೆಂಟು ಕೊಟ್ಟು ಒಂದು ಫೋಟೋ ತೆಗೆದು ನೋಡಿದೆ. ಭೂತಗನ್ನಡಿಯ ಚಿತ್ರ ತೆಗೆದದ್ದು. ಮುಖದ ತುಂಬ ಗೆರೆಗಳು ಬಂದವು, ಅವನು ಎಲ್ಲಿದ್ದಾನೆ ಅಂತಲೇ ತಿಳಿಯಲಿಲ್ಲ. ನಿನ್ನ ಚುಕ್ಕೆಯನ್ನು ಹುಡುಕಿದೆ. ಗೆರೆಗಳ ನಡುವೆ ಸಿಗಲಿಲ್ಲ.

ಭೂತಗನ್ನಡಿ ಅಂದರೆ ನನ್ನ ಪಕ್ಕದ ಮೇಜಿನವನು. ಯಾವಾಗಲೂ ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡೇ ಇರುತ್ತಾನೆ, ಊಟಕ್ಕೂ ತೆಗೆಯುವುದಿಲ್ಲ. ಅನ್ನದಲ್ಲಿ ಕಲ್ಲು ಕಾಣಿಸಲಿ ಅಂತ ಅನ್ನುತ್ತಾನೆ. ಆ ಚಿತ್ರ ನೋಡಿ, “ಅಮ್ಮಾ, ಇದ್ದದ್ದು ಇದ್ದ ಹಾಗೆ ತೋರಿಸ್ತಾ ಇದೆ, ನಾನು ಇರೋದೇ ಹೀಗೆ” ಅಂದ. ಆಮೇಲೆ ಗಾಜು ತೆಗೆದು ಕಣ್ಣು ಒರೆಸಿಕೊಂಡ. ಅವನೂ ನಿನ್ನ ಗಂಡನನ್ನು ಎತ್ತಿ ಆಡಿಸಿದವನು.

ಈ ಬೆನ್ನು ಆಗುವುದಿಲ್ಲ ಮಗಳೇ. ಬೇರೆ ಹಾಕಬೇಕು.

ಬೀಗದ ಡ್ರಾಯರಿನಲ್ಲಿ ಒಂದು ಇದೆ. ಯಾರೋ ರಿಪೇರಿಗೆ ಕೊಟ್ಟು ವಾಪಸ್ಸು ಬಾರದೇ ಹೋದ ಕ್ಯಾಮೆರಾದ್ದು. ಸಿಗದಂಥ ಭಾಗಗಳನ್ನೆಲ್ಲ ನಾವು ಅಲ್ಲಿ ಇಡುತ್ತೇವೆ. ಆ ಡ್ರಾಯರಿಗೆ ಒಂದು ಕಟ್ಟುಪಾಡು. ಒಂದು ತೆಗೆದರೆ ಒಂದು ಇಡಬೇಕು, ಇಟ್ಟದ್ದೂ ಸಿಗದಂಥದ್ದಾಗಿರಬೇಕು, ಕೆಲಸ ಮಾಡುವಂಥದ್ದಾಗಿರಬೇಕು. ದುಡ್ಡಿಗೆ ಕೊಡುವುದಿಲ್ಲ. ಹಿಂದೆ ಎಲ್ಲರೂ ತಮ್ಮ ತಮ್ಮ ನೆಂಟರಿಗೆ ಅಂತ ತೆಗೆದು ತೆಗೆದು ಡ್ರಾಯರು ಬರಿದಾಗಿತ್ತು. ಆಗ ವರ್ಕ್‌ಶಾಪಿನ ಯಜಮಾನರ ಹತ್ತಿರ ಹೋಗಿ ಈ ಕಟ್ಟುಪಾಡು ಮಾಡಿಸಿದವಳು ನಾನೇ.

ಹಿಡಿ ಇನ್ನೂ ಬಂದಿಲ್ಲ. ಅದಿಲ್ಲದೆ ಕ್ಯಾಮೆರಾಕ್ಕೆ ಜೀವ ಬರುವುದಿಲ್ಲ, ಬ್ಯಾಟರಿ ಇರುವುದು ಅದರಲ್ಲಿ. ಬೇಗ ಕಳಿಸು.

ನಾಳೆ ರಜೆ ಹಾಕಿದ್ದೇನೆ. ಮನೆಯಲ್ಲಿರುತ್ತೇನೆ.

ನಿನ್ನ ಅತ್ತೆ

*

ಮಾರ್ಚ್ 19

ಅತ್ತೆಯವರಿಗೆ ನಮಸ್ಕಾರ.

ತಡವಾಯಿತು. ಪಿಳಿಪಿಳಿಯ ಶೀತ ವಾಸಿಯಾಯಿತು, ಆಮೇಲೆ ನನಗೆ ಬಂತು, ಆಮೇಲೆ ನಮ್ಮಮ್ಮನಿಗೆ. ಸರದಿಯ ಮೇಲೆ ಮಲಗಿದ್ದೆವು.

ಬೆನ್ನಿನ ವಿಷಯ ಓದಿದೆ. ಬದಲಾಯಿಸಿ. ನಾನು ಏನು ಅನ್ನಲಿ.

ಕೊರಿಯರ್‌ನವರು ಬ್ಯಾಟರಿ ಇರುವ ವಸ್ತುವನ್ನು ತೆಗೆದುಕೊಳ್ಳುವುದಿಲ್ಲ ಅನ್ನುತ್ತಾರೆ. ಅದಕ್ಕೇ ಹಿಡಿ ಕಳಿಸಲಾಗಿಲ್ಲ.

ಪಿಳಿಪಿಳಿ ಶಾಲೆಯಲ್ಲಿ ಚಿತ್ರ ಬರೆದಿದ್ದಾಳೆ. ‘ನಮ್ಮ ಮನೆ’ ಅಂತ ಬರೆಯಲು ಹೇಳಿದ್ದರಂತೆ. ಮನೆ ಬರೆದಿದ್ದಾಳೆ, ಬಾಗಿಲು, ಕಿಟಕಿ, ನಾನು, ಅಜ್ಜಿ. ಎಲ್ಲರ ಕಣ್ಣೂ ಮುಚ್ಚಿವೆ. ಯಾಕೆ ಅಂತ ಟೀಚರ್ ಕೇಳಿದರೆ, “ಅಪ್ಪ ಒನ್ ಟೂ ತ್ರೀ ಅಂದಾಗ ಎಲ್ಲರೂ ಹಿಂಗೇ ಮಾಡ್ತೀವಿ” ಅಂದಳಂತೆ. ಯಾವ ಫೋಟೋದಲ್ಲೂ ಅವಳ ಕಣ್ಣು ತೆರೆದಿಲ್ಲ, ನಿಮಗೆ ಗೊತ್ತಲ್ಲ. ಪಿಳಿಪಿಳಿ ಅಂತ ಅವರು ಹೆಸರಿಟ್ಟದ್ದೂ ಅದಕ್ಕೇ.

ಬೇರೆ ವಿಶೇಷವಿಲ್ಲ.

ನಿಮ್ಮ ಸೊಸೆ

*

ಏಪ್ರಿಲ್ 2

ಮಗಳಿಗೆ,

ಸಂಜೆ ಆರು. ಇವತ್ತು ಕೆಲಸ ಕಡಿಮೆ ಇತ್ತು. ಒಬ್ಬ ಹುಡುಗಿ ಮದುವೆಯ ಫೋಟೋ ತೆಗೆಯುವಾಗ ಕೈಕೊಟ್ಟ ಕ್ಯಾಮೆರಾ ತಂದಿದ್ದಳು, ಒಳಗೆ ಒಂದು ಇರುವೆ ಸತ್ತು ಬಿದ್ದಿತ್ತು. ಇರುವೆ ತೆಗೆದುಕೊಟ್ಟೆ.

ಬ್ಯಾಟರಿಯನ್ನು ಹೊರಗೆ ತೆಗೆದು ಹಿಡಿಯನ್ನು ಮಾತ್ರ ಕಳಿಸಬಹುದು. ಕೆಳಗೆ ಸಣ್ಣ ಮುಚ್ಚಳ ಇದೆ, ಉಗುರಿನಿಂದ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಇದು ನಿನಗೆ ಗೊತ್ತು ಅಂತ ನನಗೆ ಗೊತ್ತು. ಸುಮ್ಮನೆ ಬರೆದೆ.

ಇನ್ನೊಂದು ಮಾತು. ಮುಚ್ಚಿಡದೆ ಬರೆಯುತ್ತೇನೆ.

ಡ್ರಾಯರಿನಿಂದ ಬೆನ್ನು ತೆಗೆದರೆ ನಾನು ಏನಾದರೂ ಇಡಬೇಕು. ಡಬ್ಬಿ, ಲೆನ್ಸು, ಕಿಂಡಿ ನಿನಗೆ ಬೇಕು. ಅವನ ಹಿಡಿ ದೊಡ್ಡ ಹಿಡಿ. ಕಂಪನಿಯವರು ದೊಡ್ಡ ಕೈಯವರಿಗೆ ಅಂತ ಕೆಲವನ್ನೇ ಮಾಡಿದ್ದರು, ಈಗ ಎಲ್ಲೂ ಇಲ್ಲ. ಸಣ್ಣ ಹಿಡಿಗಳು ನಮ್ಮಲ್ಲಿ ಒಂದು ತಟ್ಟೆಯ ತುಂಬ ಬಿದ್ದಿವೆ, ಅವಕ್ಕೆ ಬೀಗವೂ ಇಲ್ಲ, ಕೇಳುವವರೂ ಇಲ್ಲ. ಒಂದನ್ನು ಎತ್ತಿಕೊಂಡು ಹಾಕಬಹುದು. ಕ್ಯಾಮೆರಾ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ದೊಡ್ಡ ಹಿಡಿಗೆ ಒಬ್ಬರು ಕಾಯುತ್ತಿದ್ದಾರೆ. ಹಕ್ಕಿ ಮೇಷ್ಟ್ರು ಅಂತ ಕರೆಯುತ್ತೇವೆ, ರಿಟೈರ್ ಆದ ಮೇಲೆ ಹಕ್ಕಿಗಳ ಫೋಟೋ ತೆಗೆಯುತ್ತಾರೆ. ಅವರದೂ ಇದೇ ಕ್ಯಾಮೆರಾ, ಹಿಡಿ ಸುಟ್ಟು ಹೋಗಿದೆ. ಪ್ರತಿ ವಾರ ಬಂದು ಬಾಗಿಲಲ್ಲೇ ನಿಂತು, “ಬಂತಾ ತಾಯಿ?” ಅಂತಾರೆ. ಭೂತಗನ್ನಡಿ ಒಳಗಿನಿಂದ, “ಹಕ್ಕಿ ಹಾರಿಹೋಯ್ತು ಸಾರ್, ಮುಂದಿನ ವಾರ ಬನ್ನಿ” ಅಂತಾನೆ. ಅವನ ಹಿಡಿಯ ವಿಷಯ ನಾನು ಇನ್ನೂ ಹೇಳಿಲ್ಲ.

ಒಪ್ಪಿಗೆಯಿಲ್ಲದಿದ್ದರೆ ಬರೆ. ಆದರೆ ಬೇರೆ ದಾರಿ ನನಗೆ ಕಾಣುತ್ತಿಲ್ಲ. ಯಜಮಾನರನ್ನು ಕೇಳಿದರೆ ಕೊಟ್ಟಾರು, ಮುಖ ನೋಡಿ ಕೊಟ್ಟಾರು. ನಾನೇ ಹಾಕಿಸಿದ ಬೀಗಕ್ಕೆ ನಾನೇ ಹಾಗೆ ಮಾಡಲಾರೆ.

ನಾಳೆಯಿಂದ ವರ್ಕ್‌ಶಾಪು ಅರ್ಧ ಗಂಟೆ ಬೇಗ ತೆರೆಯುತ್ತದೆ.

ನಿನ್ನ ಅತ್ತೆ

*

ಏಪ್ರಿಲ್ 28

ಮಗಳಿಗೆ,

ಬೆಳಿಗ್ಗೆ ಎಂಟು. ಕೆಲಸ ಶುರುವಾಗುವ ಮುಂಚೆ ಬರೆಯುತ್ತಿದ್ದೇನೆ.

ನಿನ್ನ ಪತ್ರ ಬರಲಿಲ್ಲ. ಫೋನು ಮಾಡಿದರೆ ಪಿಳಿಪಿಳಿ ಎತ್ತಿಕೊಂಡು, “ಅಮ್ಮ ಬಟ್ಟೆ ಒಣಗಿಸ್ತಿದಾಳೆ” ಅಂದಳು. ಎರಡು ಸಲವೂ ಅದನ್ನೇ ಅಂದಳು.

ಒಣಗಿಸು. ಅವಸರವಿಲ್ಲ.

ಡಬ್ಬಿಯ ಮೂಲೆ ಸರಿಯಾಗಿದೆ. ಬಣ್ಣ ಹಚ್ಚಲಿಲ್ಲ. ಹಚ್ಚಿದರೆ ಅದು ಬೇರೆಯಾಗಿ ಕಾಣುತ್ತದೆ.

ನಾಳೆ ಹಕ್ಕಿ ಮೇಷ್ಟ್ರು ಬರುವ ದಿನ.

ನಿನ್ನ ಅತ್ತೆ

*

ಮೇ 12

ಅತ್ತೆಯವರಿಗೆ ನಮಸ್ಕಾರ.

ಬಟ್ಟೆ ಒಣಗಿಸುತ್ತಿರಲಿಲ್ಲ. ನಾನೇ ಹಾಗೆ ಹೇಳು ಅಂದಿದ್ದೆ. ಅವಳಿಗೆ ಬೇರೆ ಸುಳ್ಳು ಹೇಳಿಕೊಡಬೇಕಿತ್ತು.

ಡ್ರಾಯರಿನ ಕಟ್ಟುಪಾಡು ನನಗೆ ಮೊದಲೇ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವರು ಹೇಳಿದ್ದರು, ನಿಮ್ಮ ಬಗ್ಗೆ ಹೇಳುವಾಗ. ಬೆನ್ನು ಒಡೆದಿದೆ ಅಂತ ಚೀಲ ಬಿಚ್ಚಿದ ದಿನವೇ ಕಂಡಿತ್ತು. ಹಿಡಿ ನಿಮ್ಮ ಕೈಗೆ ಬಂದರೆ ಎಲ್ಲಿಗೆ ಹೋಗುತ್ತದೆ ಅಂತಲೂ ಗೊತ್ತಿತ್ತು. ಅದಕ್ಕೆ ಕಳಿಸಲಿಲ್ಲ.

ಹಿಡಿಯ ಹಿಂದುಗಡೆ ರಬ್ಬರ್ ಇದೆಯಲ್ಲ, ಅದರಲ್ಲಿ ಅವರ ಹೆಬ್ಬೆರಳು ಕೂರುತ್ತಿದ್ದ ಜಾಗ ತಗ್ಗಾಗಿದೆ. ಉಳಿದ ಕಡೆ ಒರಟು, ಅಲ್ಲಿ ಮಾತ್ರ ನುಣುಪು. ನಾನು ಅದರಲ್ಲಿ ನನ್ನ ಹೆಬ್ಬೆರಳು ಇಟ್ಟುಕೊಂಡು ಕೂರುತ್ತೇನೆ. ಟಿವಿ ನೋಡುವಾಗಲೂ ಕೈಯಲ್ಲಿರುತ್ತದೆ. ನಮ್ಮಮ್ಮ ಒಂದು ದಿನ, “ಆ ರಿಮೋಟು ಇತ್ತ ಕೊಡೆ, ಚಾನಲ್ ಬದಲಾಯಿಸ್ತೀನಿ” ಅಂದರು. ಕೊಟ್ಟೆ. ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು. ಟಿವಿಯನ್ನೇ ಆರಿಸಿದರು.

ಅಳು ಬರುತ್ತದೆ ಅಂತ ಅಲ್ಲ. ಏನೂ ಬರುವುದಿಲ್ಲ. ಹೆಬ್ಬೆರಳು ಅಲ್ಲಿ ಕೂತರೆ ಕೈಗೆ ಏನೋ ಕೆಲಸ ಇದೆ ಅನ್ನಿಸುತ್ತದೆ, ಅಷ್ಟೆ.

ಹೋದ ವಾರ ಶಾಲೆಯ ಮುಂದೆ ಹಾದುಹೋಗಬೇಕಾಯಿತು. ರಜೆ, ಯಾರೂ ಇರಲಿಲ್ಲ. ಗೇಟಿನಿಂದ ಆ ಮೆಟ್ಟಿಲು ಕಾಣುತ್ತದೆ, ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಜಾಗ. ಗೋಡೆಗೆ ಸುಣ್ಣ ಬಳಿದಿದ್ದಾರೆ. ಏಣಿ ಇರಲಿಲ್ಲ.

ಮನೆಗೆ ಬಂದು ಹಿಡಿಯನ್ನು ಸರಿಯಾಗಿ ಹಿಡಿದು ನೋಡಿದೆ, ಫೋಟೋ ತೆಗೆಯುವವರ ಹಾಗೆ. ನನ್ನ ಬೆರಳು ಗುಂಡಿಯವರೆಗೆ ಹೋಗುವುದಿಲ್ಲ. ಹೆಬ್ಬೆರಳನ್ನು ತಗ್ಗಿನಲ್ಲಿ ಇಟ್ಟರೆ ಗುಂಡಿ ಸಿಗುವುದಿಲ್ಲ, ಗುಂಡಿ ಸಿಗಬೇಕೆಂದರೆ ಹೆಬ್ಬೆರಳನ್ನು ತಗ್ಗಿನಿಂದ ತೆಗೆಯಬೇಕು. ಬೇರೆ ಬೇರೆ ರೀತಿ ಹಿಡಿದೆ. ಪಿಳಿಪಿಳಿ ನೋಡುತ್ತಾ ನಿಂತಿದ್ದಳು. “ಅದು ಅಪ್ಪನ ಸೈಜು ಅಮ್ಮ. ನಿನಗೆ ಚಿಕ್ಕದು ಬೇಕು” ಅಂದಳು. ಚಪ್ಪಲಿ ಅಂಗಡಿಯವರು ಹೇಳಿದ ಹಾಗೆ.

ಕಳಿಸುತ್ತಿದ್ದೇನೆ. ಬ್ಯಾಟರಿ ತೆಗೆದಿದ್ದೇನೆ. ಸಣ್ಣ ಹಿಡಿ ಹಾಕಿಕೊಡಿ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಹಕ್ಕಿ ಮೇಷ್ಟ್ರಿಗೆ ಬೇಕಾದ್ದು ಒಳಗಿನ ಲೋಹ, ಗುಂಡಿ, ಬ್ಯಾಟರಿ ಕೂರುವ ಜಾಗ. ರಬ್ಬರು ಯಾವುದಾದರೂ ಆದೀತಲ್ಲ. ಅದನ್ನು ಅಂಟಿಸಿದವರು ನೀವೇ ಅಂತ ನಿಮ್ಮ ಮಗ ಹೇಳಿದ್ದರು. ಮೇಲಿನ ರಬ್ಬರನ್ನು ಬಿಡಿಸಿ ನನಗೆ ವಾಪಸ್ಸು ಕಳಿಸಿ. ಅದು ಯಾವ ಕ್ಯಾಮೆರಾಕ್ಕೂ ಉಪಯೋಗವಿಲ್ಲ.

ನಿಮ್ಮ ಸೊಸೆ

*

ಮೇ 26

ಮಗಳಿಗೆ,

ಸಂಜೆ ಏಳು ಗಂಟೆ. ಎಲ್ಲರೂ ಹೋದರು. ಇವತ್ತು ಕ್ಯಾಮೆರಾ ಜೋಡಿಸಿ ಮುಗಿಸಿದೆ.

ಮೊದಲು ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ರಬ್ಬರು ಕಳಿಸುತ್ತಿದ್ದೇನೆ, ಆದರೆ ಅದರಲ್ಲಿ ತಗ್ಗು ಇಲ್ಲ.

ಬಿಡಿಸುವ ಮೊದಲು ನಾನೂ ಹೆಬ್ಬೆರಳು ಇಟ್ಟು ನೋಡಿದೆ. ನೀನು ಬರೆದ ಹಾಗೇ ಇತ್ತು, ನುಣ್ಣಗೆ. ಆ ಅಂಟು ಗಟ್ಟಿ, ಸುಮ್ಮನೆ ಎಳೆದರೆ ಹರಿಯುತ್ತದೆ, ಬಿಸಿ ತಾಗಿಸಬೇಕು. ಬಿಸಿ ಗಾಳಿಯ ಯಂತ್ರ ಹಿಡಿದೆ. ಅಂಚು ಮೆಲ್ಲನೆ ಎದ್ದಿತು, ಚಿಮಟದಿಂದ ಹಿಡಿದು ಬಿಡಿಸುತ್ತಾ ಹೋದೆ. ಎಲ್ಲೂ ಹರಿಯಲಿಲ್ಲ. ಇಷ್ಟು ಚೊಕ್ಕವಾಗಿ ಯಾವತ್ತೂ ಬಿಡಿಸಿರಲಿಲ್ಲ. ತೆಗೆದು ಬಿಳಿ ಬಟ್ಟೆಯ ಮೇಲೆ ಇಟ್ಟೆ. ಅದು ತಣ್ಣಗಾಗುತ್ತಾ ಚಪ್ಪಟೆಯಾಯಿತು. ನಾನು ನೋಡುತ್ತಲೇ ಇದ್ದೆ.

ಬಿಸಿ ತಾಗಿದರೆ ಈ ರಬ್ಬರು ತನ್ನ ಮೊದಲಿನ ಆಕಾರಕ್ಕೆ ಹೋಗುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಉಬ್ಬಿದ ರಬ್ಬರನ್ನು ಹೀಗೇ ಬಿಸಿ ಕೊಟ್ಟು ಸಮ ಮಾಡುತ್ತೇವೆ, ದಿನಾ ಮಾಡುವ ಕೆಲಸ. ಹರಿಯಬಾರದು, ಹರಿಯಬಾರದು ಅಂತ ಅದೊಂದನ್ನೇ ನೋಡಿಕೊಂಡೆ.

ಭೂತಗನ್ನಡಿಯನ್ನು ಕರೆದು ತೋರಿಸಿದೆ. ಗಾಜು ಹಾಕಿಕೊಂಡು ಬಹಳ ಹೊತ್ತು ನೋಡಿದ. “ನುಣುಪು ಸ್ವಲ್ಪ ಇದೆ ಅಮ್ಮಾ, ತಗ್ಗಿಲ್ಲ” ಅಂದ. ಅವನು ತಮಾಷೆ ಮಾಡದೆ ಮಾತಾಡಿದ್ದು ಇದೇ ಮೊದಲು ಅಂತ ಕಾಣುತ್ತದೆ. ಆ ನುಣುಪು ಬರಿಗಣ್ಣಿಗೆ ಕಾಣುವುದಿಲ್ಲ. ಬೆರಳಿಗೆ ಸಿಗುತ್ತದೋ ಏನೋ, ನೀನು ನೋಡು. ನನ್ನ ಬೆರಳ ತುದಿ ಬೆಸುಗೆ ಹಾಕಿ ಹಾಕಿ ದಪ್ಪಗಾಗಿದೆ, ನನಗೆ ತಿಳಿಯಲಿಲ್ಲ.

ಹಿಡಿಗೆ ಹೊಸ ರಬ್ಬರು ಅಂಟಿಸಿ ಡ್ರಾಯರಿನಲ್ಲಿಟ್ಟು ಬೆನ್ನು ತೆಗೆದುಕೊಂಡೆ. ಅರ್ಧ ಗಂಟೆಯೂ ಆಗಿರಲಿಲ್ಲ, ಹಕ್ಕಿ ಮೇಷ್ಟ್ರು ಬಂದರು. ಅವರು ಬರುವ ದಿನ ಅಲ್ಲ, ಸುಮ್ಮನೆ ಈ ಕಡೆ ಬಂದಿದ್ದರಂತೆ. ತಮ್ಮ ಹತ್ತಿರ ಇದ್ದ ಹಳೆಯ ಲೆನ್ಸಿನ ಬಳೆಯೊಂದನ್ನು ಡ್ರಾಯರಿಗೆ ಕೊಟ್ಟು ಹಿಡಿ ತೆಗೆದುಕೊಂಡರು. ಅವರ ಕೈ ನಿಜವಾಗಿಯೂ ದೊಡ್ಡದು.

“ಕೈಗೆ ಹೇಳಿ ಮಾಡಿಸಿದ ಹಾಗಿದೆ ತಾಯಿ. ಯಾರದು ಇದು?” ಅಂದರು.

“ಒಬ್ಬರು ಶಾಲೆ ಮಕ್ಕಳ ಫೋಟೋ ತೆಗೀತಿದ್ರು,” ಅಂದೆ.

“ಪಾಪ, ಬಿಟ್ಟುಬಿಟ್ರಾ?”

“ಹೂಂ” ಅಂದೆ.

ಮೇಷ್ಟ್ರು ಚೀಲದಲ್ಲಿದ್ದ ತಮ್ಮ ಕ್ಯಾಮೆರಾಕ್ಕೆ ಅಲ್ಲೇ ಜೋಡಿಸಿಕೊಂಡು ಕಿಟಕಿಯ ಹೊರಗೆ ತಂತಿಯ ಮೇಲೆ ಕೂತ ಒಂದು ಪಾರಿವಾಳದ ಫೋಟೋ ತೆಗೆದು ನನಗೆ ತೋರಿಸಿದರು. ಚೆನ್ನಾಗಿತ್ತು.

ನಿನ್ನ ಕ್ಯಾಮೆರಾ ಕೆಲಸ ಮಾಡುತ್ತಿದೆ. ಸಣ್ಣ ಹಿಡಿ ಹಾಕಿದ್ದೇನೆ, ತಟ್ಟೆಯಲ್ಲಿದ್ದುದರಲ್ಲಿ ಕಡಿಮೆ ಸವೆದದ್ದನ್ನು ಆರಿಸಿದೆ. ಹಳೆಯ ಬೆನ್ನು ನನ್ನ ಮೇಜಿನ ಮೇಲಿದೆ. ನಿನಗೆ ಬೇಡವಾದರೆ ಅಲ್ಲೇ ಇರುತ್ತದೆ.

ಮೂರು ಪೆಟ್ಟಿಗೆಯಲ್ಲಿ ಕಳಿಸುತ್ತೇನೆ. ಮೊದಲನೆಯದು ನಾಳೆ ಹೊರಡುತ್ತದೆ.

ನಿನ್ನ ಅತ್ತೆ

*

ಜೂನ್ 16

ಅತ್ತೆಯವರಿಗೆ,

ಸಂಜೆ ಆರೂವರೆ. ಇವತ್ತು ಬಟ್ಟೆ ಒಗೆದೆ, ನಿಜವಾಗಿಯೂ. ಪಿಳಿಪಿಳಿಯ ಪುಸ್ತಕಗಳಿಗೆ ಬೈಂಡು ಹಾಕಿದೆ. ಮಧ್ಯಾಹ್ನ ಶಾಲೆಗೆ ಹೋಗಿ ಬಂದೆ.

ಮೂರು ಪೆಟ್ಟಿಗೆಯೂ ಬಂದಿವೆ. ಮೇಜಿನ ಮೇಲೆ ಬಟ್ಟೆ ಹಾಸಿ ಜೋಡಿಸಿದೆ. ಡಬ್ಬಿ, ಲೆನ್ಸು, ಕಿಂಡಿ, ಬೆನ್ನು, ಹಿಡಿ. ಪ್ರತಿಯೊಂದೂ ಕೂರುವಾಗ ಟಕ್ ಅನ್ನುತ್ತದೆ. ಆ ಸದ್ದು ಪಿಳಿಪಿಳಿಗೆ ಗೊತ್ತಿದೆ. ಒಳಗಿನಿಂದ ಓಡಿ ಬಂದಳು, ಬಾಗಿಲಲ್ಲಿ ನಿಂತಳು, ನಾನು ಅಂತ ನೋಡಿ ವಾಪಸ್ಸು ಹೋದಳು.

ಸಣ್ಣ ಹಿಡಿ ನನ್ನ ಕೈಗೆ ಸರಿಯಾಗಿದೆ. ಗುಂಡಿ ಬೆರಳಿಗೆ ಸಿಗುತ್ತದೆ.

ರಬ್ಬರಿನ ಬಗ್ಗೆ ನೀವು ಏನೂ ಅಂದುಕೊಳ್ಳಬೇಡಿ. ಬಿಡಿಸಿ ಅಂತ ಹೇಳಿದವಳು ನಾನು. ಅದನ್ನು ಮೇಜಿನ ಮೇಲೆ ಇಟ್ಟಿದ್ದೆ, ಮಾರನೆಯ ದಿನ ಕಾಣಲಿಲ್ಲ. ಹುಡುಕಿದರೆ ಪಿಳಿಪಿಳಿಯ ಪೆನ್ಸಿಲ್ ಡಬ್ಬಿಯಲ್ಲಿತ್ತು. ಅಳಿಸುವ ರಬ್ಬರು ಅಂದುಕೊಂಡಿದ್ದಾಳೆ. “ಇದು ಚೆನ್ನಾಗಿ ಅಳಿಸಲ್ಲ ಅಮ್ಮ, ಕಪ್ಪಗೆ ಮಾಡುತ್ತೆ” ಅಂತ ದೂರಿದಳು. ಇಟ್ಟುಕೋ ಅಂದೆ. ನುಣುಪು ನನ್ನ ಬೆರಳಿಗೂ ಸಿಗಲಿಲ್ಲ. ಅವಳಿಗೆ ಸಿಕ್ಕಿದೆಯೋ ಏನೋ, ಕೇಳಲಿಲ್ಲ.

ನಿನ್ನೆ ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಕೆಲವು ಫೋಟೋ ತೆಗೆದೆ. ಎಲ್ಲದರಲ್ಲೂ ಕಣ್ಣು ಮುಚ್ಚಿದ್ದಾಳೆ. ಕಂಪ್ಯೂಟರಿಗೆ ಹಾಕಿದೆ. ಕೈ ತಾನಾಗಿಯೇ ಮೇಲೆ ಎಡಗಡೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ, ಬರೀ ಕಿಟಕಿಯ ಪರದೆ. ಆಮೇಲೆ ಕೆಳಗೆ ಬಲಗಡೆ, ಅವಳ ಅಂಗಿಯ ಅಂಚಿನಲ್ಲಿ ಕಂಡಿತು. ಈ ಬೆನ್ನಿಗೂ ಒಂದು ಚುಕ್ಕೆ ಇದೆ. ಬಿಳಿಯದಲ್ಲ, ಸ್ವಲ್ಪ ಕೆಂಪು. ಯಾರ ಕ್ಯಾಮೆರಾದ್ದೋ, ಅವರು ಇಷ್ಟು ದಿನ ಅದನ್ನು ಅಳಿಸುತ್ತಿದ್ದರೋ ಇಲ್ಲವೋ. ನಾನು ಅಳಿಸಿದೆ. ಬದಲಾಯಿಸುವುದು ಬೇಡ.

ಹಳೆಯ ಬೆನ್ನು ನಿಮ್ಮ ಮೇಜಿನ ಮೇಲೇ ಇರಲಿ.

ಶಾಲೆಯಲ್ಲಿ ಹೆಡ್ ಟೀಚರ್ ಎಲ್ಲ ಸಿದ್ಧ ಮಾಡಿದ್ದಾರೆ. ಆ ಮಕ್ಕಳು ಈಗ ಮುಂದಿನ ಕ್ಲಾಸಿಗೆ ಹೋಗಿದ್ದಾರೆ, ಮುಂದೆ ಕೂತಿದ್ದವರು ಎತ್ತರವಾಗಿದ್ದಾರೆ, ಸಾಲು ಹೊಸದಾಗಿ ಮಾಡಬೇಕು. ಮೆಟ್ಟಿಲ ಹತ್ತಿರ ಬೇಡ, ಮರದ ಕೆಳಗೆ ತೆಗೆಯೋಣ ಅಂದರು. ಮೆಟ್ಟಿಲ ಹತ್ತಿರವೇ ಆಗಲಿ ಅಂದೆ, ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತದೆ. ಡ್ರಿಲ್ ಮೇಷ್ಟ್ರು, “ಏಣಿ ತರಿಸಲಾ?” ಅಂತ ಕೇಳಿ, ಕೇಳಿದ ಕೂಡಲೇ ಬೇರೆ ಕಡೆ ನೋಡಿದರು. ಬೆಂಚು ಸಾಕು, ನಾನು ಗಿಡ್ಡಿಯಾದರೂ ಬೆಂಚು ಸಾಕು ಅಂದೆ. ಅವರು ಹಿಡಿದುಕೊಳ್ಳುತ್ತಾರಂತೆ.

ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಏಳನೇ ತರಗತಿ.

ನಿಮ್ಮ ಸೊಸೆ